ಬೇಕಲ ಕೋಟೆ: ಗೋಡೆಯನ್ನೇ ನೋಡಲು ಒಂದು ದಿನ

ಬೇಕಲ ಕೋಟೆಗೆ ನಾನು ಎರಡು ಸಲ ಹೋಗಿದ್ದೇನೆ. ಮೊದಲ ಸಲ ಹೋದದ್ದು ಏಪ್ರಿಲ್ ತಿಂಗಳ ನಡುಹಗಲಿನಲ್ಲಿ, ಮನೆಮಂದಿ ಹನ್ನೊಂದು ಜನ ಸೇರಿ ಬಾಡಿಗೆ ವಾಹನವೊಂದನ್ನು ಗೊತ್ತುಮಾಡಿಕೊಂಡು. ಬೆಳಗ್ಗೆ ಏಳಕ್ಕೆ ಬರಬೇಕಿದ್ದ ವಾಹನ ಒಂಬತ್ತೂವರೆಗೆ ಬಂತು. ದಾರಿಯಲ್ಲಿ ನಾವು ಕೇಳದ ಎರಡು ಅಂಗಡಿಗಳ ಮುಂದೆ ನಿಂತಿತು. ಕೊನೆಗೆ ಕೋಟೆಯ ಎದುರು ಇಳಿಸುವಾಗ ಚಾಲಕರು, "ಒಂದು ಗಂಟೆ ಸಾಕು, ಒಳಗೆ ಗೋಡೆ ಬಿಟ್ಟರೆ ಬೇರೇನೂ ಇಲ್ಲ" ಎಂದರು. ಆ ಒಂದು ಗಂಟೆಯಲ್ಲಿ ನಾವು ನಡುವಿನ ಬತೇರಿಯನ್ನು (ಎತ್ತರದ ಕಾವಲು ಬುರುಜನ್ನು) ಹತ್ತಿ, ಫೋಟೊ ತೆಗೆಸಿಕೊಂಡು, ಬಿಸಿಲಿಗೆ ಬಸವಳಿದು ಹೊರಗೆ ಬಂದೆವು. ವಾಹನ ಹೊರಟ ಮೇಲೆ ಹಿಂದಿರುಗಿ ನೋಡಿದಾಗ, ಏನನ್ನೋ ನೋಡದೆಯೇ ಬಿಟ್ಟು ಬಂದೆವೆಂಬ ಬೇಸರ ಮನಸ್ಸಿನಲ್ಲಿ ಉಳಿಯಿತು. ಆ ಬೇಸರವನ್ನು ಕಳೆದುಕೊಳ್ಳಲು ಡಿಸೆಂಬರಿನಲ್ಲಿ ಮಗಳೊಬ್ಬಳನ್ನೇ ಕರೆದುಕೊಂಡು, ಮಂಗಳೂರಿನಿಂದ ಬೆಳಗಿನ ರೈಲಿನಲ್ಲಿ ಮತ್ತೆ ಹೋದೆ. ಈ ಬರಹ ಹೆಚ್ಚಾಗಿ ಆ ಎರಡನೆಯ ಭೇಟಿಯದು.

ಒಳಗೆ ಗೋಡೆ ಬಿಟ್ಟರೆ ಬೇರೇನೂ ಇಲ್ಲ ಎಂಬ ಮಾತು ಒಂದು ರೀತಿಯಲ್ಲಿ ನಿಜ. ಅರಮನೆಯಾಗಲಿ, ದರ್ಬಾರು ಮಂಟಪವಾಗಲಿ, ಕೆತ್ತನೆಯ ಕಂಬಗಳಾಗಲಿ ಇಲ್ಲಿ ಎದ್ದು ನಿಂತಿಲ್ಲ. ಪುರಾತತ್ವ ಇಲಾಖೆಯ ಉತ್ಖನನದಲ್ಲಿ ಹಳೆಯ ಕಟ್ಟಡಗಳ ತಳಪಾಯಗಳು ಬೆಳಕಿಗೆ ಬಂದಿವೆ, ಆದರೆ ಕಣ್ಣಿಗೆ ತುಂಬುವಂಥದ್ದು ಗೋಡೆ ಮಾತ್ರ. ನನ್ನ ಅಭಿಪ್ರಾಯದಲ್ಲಿ ಇಲ್ಲಿಗೆ ಬರಬೇಕಾದ್ದೂ ಆ ಗೋಡೆಗಾಗಿಯೇ. ಅದು ಎಲ್ಲಿ ತಿರುಗುತ್ತದೆ, ಏಕೆ ತಿರುಗುತ್ತದೆ, ಎಲ್ಲಿ ದಪ್ಪವಾಗುತ್ತದೆ, ಅದರ ಮೈಯಲ್ಲಿರುವ ಕಿಂಡಿಗಳು ಯಾವ ಕಡೆಗೆ ಮುಖ ಮಾಡಿವೆ ಎಂಬುದನ್ನು ನೋಡುತ್ತ ಒಂದು ಸುತ್ತು ಪೂರ್ತಿ ಬಂದವರಿಗೆ ಈ ಕೋಟೆ ಕೊಡುವಷ್ಟು ತೃಪ್ತಿಯನ್ನು ನಾನು ನೋಡಿದ ಕರಾವಳಿಯ ಬೇರೆ ಯಾವ ಕೋಟೆಯೂ ಕೊಟ್ಟಿಲ್ಲ.

ಕೋಟೆ ಇರುವುದು ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಕಾಸರಗೋಡು ಪಟ್ಟಣದಿಂದ ದಕ್ಷಿಣಕ್ಕೆ ಸುಮಾರು 16 ಕಿಲೋಮೀಟರ್, ಕಾಞಂಗಾಡಿನಿಂದ ಉತ್ತರಕ್ಕೆ ಸುಮಾರು 12 ಕಿಲೋಮೀಟರ್ ದೂರದಲ್ಲಿ. ಮಂಗಳೂರಿನಿಂದ ಹೊರಡುವ ರೈಲು ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡುಗಳನ್ನು ದಾಟಿ, ಚಂದ್ರಗಿರಿ ಹೊಳೆಯ ಸೇತುವೆಯ ಮೇಲೆ ಹಾದು, ಕೋಟಿಕುಳಂ ಆದ ಮೇಲೆ ಬೇಕಲ ಫೋರ್ಟ್ ಎಂಬ ಸಣ್ಣ ನಿಲ್ದಾಣಕ್ಕೆ ಬರುತ್ತದೆ. ಎಲ್ಲ ರೈಲುಗಳೂ ಅಲ್ಲಿ ನಿಲ್ಲುವುದಿಲ್ಲ. ಪ್ಯಾಸೆಂಜರ್ ರೈಲಿನಲ್ಲಿ ಬರುವುದೇ ಸರಿ. ನಿಲ್ದಾಣದಿಂದ ಕೋಟೆಗೆ ನಡೆದೇ ಹೋಗಬಹುದು. ನಾವು ತೆಂಗಿನ ತೋಟಗಳ ನಡುವೆ ನಡೆದು ಬಾಗಿಲು ತಲುಪುವ ಹೊತ್ತಿಗೆ ಟಿಕೆಟ್ ಕೊಡುವ ಕಿಟಕಿ ಆಗಷ್ಟೇ ತೆರೆದಿತ್ತು. ತಲೆಗೆ 25 ರೂಪಾಯಿ ತೆಗೆದುಕೊಂಡರು; ಹದಿನೈದು ವರ್ಷದೊಳಗಿನವಳಾದ ಮಗಳಿಗೆ ಟಿಕೆಟ್ ಬೇಕಾಗಲಿಲ್ಲ. ಸುಮಾರು 40 ಎಕರೆಯಷ್ಟು ಹರಡಿಕೊಂಡಿರುವ, ಕೇರಳದಲ್ಲೇ ಅತಿ ದೊಡ್ಡದೆನಿಸಿದ ಕೋಟೆಯೊಂದನ್ನು ಇಡೀ ದಿನ ನೋಡಲು ಇದು ಏನೂ ಹೆಚ್ಚಲ್ಲ.

ಒಳಗೆ ಕಾಲಿಡುವ ಮೊದಲೇ ಬಾಗಿಲ ಬಳಿ ಮುಖ್ಯಪ್ರಾಣನ ಗುಡಿಯಿದೆ. ಕೋಟೆಯ ಬಾಗಿಲಿಗೆ ಹನುಮಂತನನ್ನು ಕಾವಲಿಗೆ ನಿಲ್ಲಿಸುವುದು ನಮ್ಮ ಸೀಮೆಯ ಅನೇಕ ಕೋಟೆಗಳಲ್ಲಿ ಕಾಣುವ ರೂಢಿ. ಇಲ್ಲಿ ಆ ಗುಡಿಯಲ್ಲಿ ಇಂದಿಗೂ ದೀಪ ಉರಿಯುತ್ತದೆ, ಪೂಜೆ ನಡೆಯುತ್ತದೆ. ಹತ್ತಿರದಲ್ಲೇ ಟಿಪ್ಪು ಸುಲ್ತಾನನ ಕಾಲದ್ದೆಂದು ಹೇಳುವ ಹಳೆಯ ಮಸೀದಿಯೂ ಇದೆ. ಕೋಟೆಯನ್ನು ಬೇರೆ ಬೇರೆ ಕಾಲದಲ್ಲಿ ಆಳಿದ ಇಬ್ಬರು ಒಡೆಯರ ಗುರುತುಗಳು ಹೀಗೆ ಹೊರಬಾಗಿಲಿನಲ್ಲೇ ಅಕ್ಕಪಕ್ಕದಲ್ಲಿ ಸಿಗುತ್ತವೆ.

ಮಹಾದ್ವಾರವನ್ನು ದಾಟಿದವರು ನೇರವಾಗಿ ಒಳಗೆ ಹೋಗಲಾರರು. ದಾರಿ ಒಂದು ಕಡೆಗೆ ಹೊರಳಿ, ಮತ್ತೆ ಇನ್ನೊಂದು ಕಡೆಗೆ ಹೊರಳುತ್ತದೆ, ಎರಡೂ ಬದಿಯಲ್ಲಿ ಎತ್ತರದ ಗೋಡೆ. ಬಾಗಿಲನ್ನು ಮುರಿಯಲು ಆನೆಯನ್ನೋ ಮರದ ದಿಮ್ಮಿಯನ್ನೋ ಓಡಿಸಿಕೊಂಡು ಬರುವ ಶತ್ರುವಿಗೆ ಓಟದ ಬಲ ಸಿಗದಂತೆ ಮಾಡುವುದು, ತಿರುವಿನಲ್ಲಿ ಗುಂಪುಗೂಡಿದವರನ್ನು ಮೇಲಿನಿಂದ ಹೊಡೆಯುವುದು ಈ ಹೊರಳುದಾರಿಯ ಉದ್ದೇಶ. ಮೊದಲ ಸಲ ಬಂದಾಗ ಇದನ್ನು ನಾನು ಬರಿಯ ಓಣಿಯೆಂದು ದಾಟಿಕೊಂಡು ಹೋಗಿದ್ದೆ. ಈ ಸಲ ತಿರುವಿನಲ್ಲಿ ನಿಂತು ತಲೆಯೆತ್ತಿ ನೋಡಿದಾಗ, ನನ್ನ ಸುತ್ತ ಮೂರು ಕಡೆಯಿಂದಲೂ ಗೋಡೆಯ ಅಂಚು ಕಾಣಿಸಿತು. ಅಲ್ಲಿ ಬಂದೂಕು ಹಿಡಿದವರು ಇದ್ದಿದ್ದರೆ ಕೆಳಗಿದ್ದವನಿಗೆ ಮರೆಯೆಂಬುದು ಎಲ್ಲಿಯೂ ಇರುತ್ತಿರಲಿಲ್ಲ. ನೆಲದ ಕಡೆಯ ಗೋಡೆಯ ಹೊರಗೆ ಕಂದಕವೂ ಇದೆ. ಕಡಲಿನ ಕಡೆ ಕಂದಕ ಬೇಕಾಗಿಲ್ಲ, ಅಲ್ಲಿ ನೀರೇ ಗೋಡೆಯ ಬುಡಕ್ಕೆ ಬಡಿಯುತ್ತದೆ.

ಕೋಟೆಯನ್ನು ಕಟ್ಟಿರುವುದು ಮುರಕಲ್ಲಿನಲ್ಲಿ. ಪುಸ್ತಕದ ಕನ್ನಡದಲ್ಲಿ ಇದಕ್ಕೆ ಜಂಬಿಟ್ಟಿಗೆ ಎನ್ನುತ್ತಾರೆ; ದಕ್ಷಿಣ ಕನ್ನಡ, ಕಾಸರಗೋಡಿನ ಕಡೆ ಮುರ ಅಥವಾ ಕೆಂಪುಕಲ್ಲು ಎಂದರೇ ಎಲ್ಲರಿಗೂ ತಿಳಿಯುವುದು. ಮಲಯಾಳದಲ್ಲಿ ಇದು ವೆಟ್ಟುಕಲ್ಲು, ಅಂದರೆ ಕಡಿದು ತೆಗೆದ ಕಲ್ಲು. ನೆಲದೊಳಗೆ ಇರುವಾಗ ಕೊಡಲಿಯಂಥ ಹತಾರದಿಂದ ಕಡಿಯಲು ಬರುವಷ್ಟು ಮೆದುವಾಗಿರುವ ಈ ಕಲ್ಲು, ಹೊರಗೆ ತೆಗೆದು ಗಾಳಿ ಬಿಸಿಲಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತ ಹೋಗುತ್ತದೆ. ನಮ್ಮ ಹಳೆಯ ಮನೆಯ ಗೋಡೆಯೂ ಬಾವಿಯ ಕಟ್ಟೆಯೂ ಇದೇ ಕಲ್ಲಿನವು. ಹಾಗಾಗಿ ಮಗಳು ಗೋಡೆಯ ಹತ್ತಿರ ಹೋದವಳೇ ಅದರ ಮೈಯನ್ನು ಮುಟ್ಟಿ, "ಇದು ಅಜ್ಜನ ಮನೆಯ ಕಲ್ಲು" ಎಂದಳು. ನಾವಿಬ್ಬರೂ ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ಒಂದೇ ಒಂದು ಕಲ್ಲನ್ನು ಸ್ವಲ್ಪ ಹೊತ್ತು ನೋಡಿದೆವು. ಅದರ ತುಂಬ ಬೆರಳ ತುದಿ ಹೋಗುವಷ್ಟು ದೊಡ್ಡ ತೂತುಗಳು. ಕೆಲವು ತೂತುಗಳಲ್ಲಿ ಒಣಗಿದ ಹಾವಸೆ, ಒಂದರಲ್ಲಿ ಸಣ್ಣ ಜೇಡದ ಬಲೆ, ಇನ್ನೊಂದರಲ್ಲಿ ಹಳದಿ ಬಣ್ಣದ ಮಣ್ಣು ಉಳಿದಿತ್ತು. ಕಲ್ಲಿನ ಅಂಚಿನಲ್ಲಿ ಕಡಿದವನ ಹತಾರದ ಓರೆ ಗೆರೆಗಳು ಸಾಲಾಗಿ ಇದ್ದವು, ಎಲ್ಲವೂ ಒಂದೇ ಕಡೆಗೆ ವಾಲಿದ್ದವು. ಕಡಲಿನ ಕಡೆಯ ಗೋಡೆಗೆ ಹೋದಾಗ ಇದೇ ಕಲ್ಲು ಬೇರೆಯಾಗಿ ಕಾಣಿಸಿತು: ಉಪ್ಪುಗಾಳಿಗೆ ತೂತುಗಳು ದೊಡ್ಡದಾಗಿ, ಬಣ್ಣ ಕಪ್ಪಿಗೆ ತಿರುಗಿ, ಅಂಚುಗಳು ಸವೆದು ಗುಂಡಾಗಿದ್ದವು.

ಈ ಕಲ್ಲಿಗೆ ಇಂಗ್ಲಿಷಿನಲ್ಲಿ ಲ್ಯಾಟರೈಟ್ ಎಂಬ ಹೆಸರು ಬಂದದ್ದು ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನಿಂದ. ಟಿಪ್ಪುವಿನ ಪತನದ ನಂತರ ಕಂಪನಿ ಸರ್ಕಾರದ ಪರವಾಗಿ ಮೈಸೂರು, ಮಲಬಾರು, ಕೆನರಾ ಪ್ರಾಂತ್ಯಗಳನ್ನು ಸುತ್ತಿದ ಆತ 1801ರ ಆರಂಭದಲ್ಲಿ ಈ ದಾರಿಯಲ್ಲೇ ಉತ್ತರಕ್ಕೆ ಹೋದ. ಇಲ್ಲಿಗೆ ಹತ್ತಿರದ ಹೊಸದುರ್ಗದ ಕೋಟೆಯನ್ನು ನೋಡಿ, ಅದರ ಕೊತ್ತಲಗಳು ದುಂಡಗಿರುವುದರಿಂದ ಚೌಕ ಕೊತ್ತಲಗಳ ಕೋಟೆಗಳಿಗಿಂತ ಅದನ್ನು ಕಾಪಾಡಿಕೊಳ್ಳುವುದು ಸುಲಭ ಎಂದು ಗುರುತಿಸಿದ. ಬೇಕಲದ ಕೊತ್ತಲಗಳ ಮೇಲೆ ನಿಂತಾಗ ಆ ಮಾತಿನ ಅರ್ಥ ತಾನಾಗಿ ತಿಳಿಯುತ್ತದೆ. ಚೌಕ ಮೂಲೆಯ ಎದುರಿನಲ್ಲಿ ಕಾವಲುಗಾರನ ಕಣ್ಣಿಗೆ ಬೀಳದ ಒಂದು ತುಂಡು ಜಾಗ ಇದ್ದೇ ಇರುತ್ತದೆ. ದುಂಡು ಕೊತ್ತಲದಲ್ಲಿ ಅಂಥ ಮರೆ ತೀರ ಕಡಿಮೆ, ಅದರ ಮೈಗೆ ಬಡಿದ ಗುಂಡು ಓರೆಯಾಗಿ ಜಾರಿ ಹೋಗುವ ಸಂಭವವೂ ಹೆಚ್ಚು.

ಇನ್ನು ಕಿಂಡಿಗಳ ವಿಷಯ. ಬೇಕಲ ಕೋಟೆಯಲ್ಲಿ ನೋಡಲು ಒಂದೇ ಒಂದು ವಸ್ತುವನ್ನು ಆರಿಸಿಕೊಳ್ಳಿ ಎಂದರೆ ನಾನು ಹೊರಗೋಡೆಯ ಈ ಬಂದೂಕಿನ ಕಿಂಡಿಗಳನ್ನು ಆರಿಸುತ್ತೇನೆ. ದೂರದಿಂದ ಎಲ್ಲವೂ ಒಂದೇ ಎಂದು ತೋರುತ್ತವೆ, ಹತ್ತಿರ ಹೋದರೆ ಮೂರು ಬಗೆ. ಮೇಲಿನವು ಬಹುಮಟ್ಟಿಗೆ ನೇರವಾಗಿ ಹೊರಗೆ ತೆರೆದುಕೊಳ್ಳುತ್ತವೆ, ಶತ್ರು ಇನ್ನೂ ದೂರದಲ್ಲಿರುವಾಗ ಗುರಿಯಿಡಲು. ನಡುವಿನವು ಕೆಳಮುಖವಾಗಿ ಓರೆಯಾಗಿವೆ, ಆತ ಹತ್ತಿರ ಬಂದಾಗ ಹೊಡೆಯಲು. ಕೆಳಗಿನವು ಇನ್ನೂ ಕಡಿದಾಗಿ ಇಳಿಯುತ್ತವೆ, ಗೋಡೆಯ ಬುಡಕ್ಕೇ ಬಂದು ಏಣಿ ಹಾಕುವವನನ್ನು ತಡೆಯಲು. ಇದನ್ನು ಓದಿ ತಿಳಿಯುವುದಕ್ಕೂ ಕಣ್ಣಿಟ್ಟು ನೋಡುವುದಕ್ಕೂ ತುಂಬ ವ್ಯತ್ಯಾಸವಿದೆ. ನಾವು ಒಂದೇ ಜಾಗದಲ್ಲಿ ನಿಂತು ಮೂರು ಕಿಂಡಿಗಳಲ್ಲೂ ಸರದಿಯಂತೆ ಇಣುಕಿದೆವು. ಮೇಲಿನ ಕಿಂಡಿಯಲ್ಲಿ ದೂರದ ತೆಂಗಿನ ತಲೆಗಳು ಮತ್ತು ಒಂದು ಚೂರು ಆಕಾಶ ಕಂಡಿತು. ನಡುವಿನದರಲ್ಲಿ ಇಳಿಜಾರಿನ ಹುಲ್ಲು. ಕೆಳಗಿನದರಲ್ಲಿ ಗೋಡೆಗೆ ತಾಗಿಕೊಂಡೇ ಮೇಯುತ್ತಿದ್ದ ಒಂದು ಆಡಿನ ಬೆನ್ನು, ಎಷ್ಟು ಹತ್ತಿರವೆಂದರೆ ಅದರ ಬೆನ್ನುಮೂಳೆಯ ಉದ್ದಕ್ಕೂ ಇದ್ದ ಕಪ್ಪು ಗೆರೆ ಸ್ಪಷ್ಟವಾಗಿ ಕಾಣುತ್ತಿತ್ತು. ಆಡಿಗೆ ನಾವು ಅಲ್ಲಿರುವುದು ಗೊತ್ತೇ ಆಗಲಿಲ್ಲ. ಕಿಂಡಿಯ ಒಳಬದಿಗೆ ಕೈ ಹಾಕಿ ತಡವಿದರೆ, ಕಲ್ಲನ್ನು ಬೇಕಾದ ಓರೆಗೆ ಸರಿಯಾಗಿ ಕೆತ್ತಿ ಕೂರಿಸಿರುವುದು ಅಂಗೈಗೆ ತಿಳಿಯುತ್ತದೆ. ಮುರಕಲ್ಲಿನಂಥ ಒರಟು ಕಲ್ಲಿನಲ್ಲಿ ಕಿಂಡಿಯಿಂದ ಕಿಂಡಿಗೆ ಒಂದೇ ಓರೆಯನ್ನು ಉಳಿಸಿಕೊಂಡು ಗೋಡೆಯ ಉದ್ದಕ್ಕೂ ಹೋದ ಕೆಲಸಗಾರರ ಕೈಚಳಕವನ್ನು ಎಷ್ಟು ಹೊಗಳಿದರೂ ಕಡಿಮೆಯೇ.

ಈ ಕೋಟೆಯನ್ನು ಕಟ್ಟಿಸಿದವನೆಂದು ಸಾಮಾನ್ಯವಾಗಿ ಹೆಸರಿಸುವುದು ಕೆಳದಿಯ ಶಿವಪ್ಪ ನಾಯಕನನ್ನು, ಕಾಲ 1650ರ ಸುಮಾರು. ಕೆಲಸ ಆರಂಭವಾದದ್ದು ಅದಕ್ಕೂ ಹಿಂದೆ ಹಿರಿಯ ವೆಂಕಟಪ್ಪ ನಾಯಕನ ಕಾಲದಲ್ಲಿ ಎನ್ನುವವರಿದ್ದಾರೆ. ಅದಕ್ಕೂ ಮೊದಲು ಉತ್ತರ ಮಲಬಾರಿನ ಕೋಲತ್ತಿರಿ ಅರಸರ ಕಾಲದಲ್ಲೇ ಇಲ್ಲಿ ಒಂದು ನೆಲೆಯಿತ್ತು ಎನ್ನುವವರೂ ಇದ್ದಾರೆ. ಮಲೆನಾಡಿನವರಿಗೆ ಶಿವಪ್ಪ ನಾಯಕನೆಂದರೆ ಜಮೀನಿನ ಫಲವನ್ನು ಅಳೆದು ಕಂದಾಯ ಗೊತ್ತುಮಾಡಿದ 'ಶಿಸ್ತು' ನೆನಪಾಗುತ್ತದೆ. ಘಟ್ಟದ ಮೇಲಿನ ಬಿದನೂರಿನಲ್ಲಿ ಕೂತ ಅರಸನೊಬ್ಬ ಇಷ್ಟು ದೂರದ ಕಡಲತೀರದಲ್ಲಿ ಇಷ್ಟು ದೊಡ್ಡ ಗೋಡೆಯನ್ನು ಏಕೆ ಕಟ್ಟಿಸಿದ ಎಂಬ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಆ ಕಾಲದ ಕರಾವಳಿಯನ್ನು ನೆನೆಯಬೇಕು. ಕಣ್ಣೂರಿನಲ್ಲಿ ಪೋರ್ಚುಗೀಸರು 1505ರಿಂದಲೇ ಕೋಟೆ ಕಟ್ಟಿಕೊಂಡಿದ್ದರು, ಮಂಗಳೂರಿನಲ್ಲಿಯೂ ಅವರ ಕೈ ಇತ್ತು, ಮೆಣಸಿನ ವ್ಯಾಪಾರವೆಲ್ಲ ಈ ಕಡಲಿನ ಮೇಲೇ ಸಾಗುತ್ತಿತ್ತು. ಕೆಳದಿಯವರು ದಕ್ಷಿಣಕ್ಕೆ ಬಂದಂತೆಲ್ಲ ತೀರದ ಉದ್ದಕ್ಕೂ ಕೋಟೆಗಳ ಸಾಲು ಎದ್ದಿತು: ಕುಂಬಳೆ, ಚಂದ್ರಗಿರಿ, ಬೇಕಲ, ಆಮೇಲೆ ಸೋಮಶೇಖರ ನಾಯಕನ ಕಾಲದ ಹೊಸದುರ್ಗ. ಈ ಕೊನೆಯ ಹೆಸರಿನ ಬಗ್ಗೆ ಒಂದು ಮಾತು. ಕಾಞಂಗಾಡಿನ ಆ ಊರನ್ನು ಕೇರಳ ಸರ್ಕಾರದ ಕಾಗದಪತ್ರಗಳಲ್ಲಿ ಇಂದಿಗೂ ಹೊಸದುರ್ಗ ಎಂದೇ ಕರೆಯುತ್ತಾರೆ, ಜನರ ಬಾಯಲ್ಲಿ ಅದು ಪುದಿಯಕೋಟ. ಎರಡಕ್ಕೂ ಅರ್ಥ ಒಂದೇ. ಕನ್ನಡದ ಒಂದು ಹೆಸರು ಮಲಯಾಳದ ನಡುವೆ ಹೀಗೆ ಜೋಡಿಯಾಗಿ ಬದುಕಿರುವುದನ್ನು ಕಂಡು ನನಗೆ ಬಹಳ ಸಂತೋಷವಾಯಿತು.

1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದಾಗ ಕೆಳದಿಯ ಸೀಮೆಯೊಡನೆ ಬೇಕಲವೂ ಮೈಸೂರಿನ ಕೈಗೆ ಬಂತು. ಟಿಪ್ಪುವಿನ ಕಾಲದಲ್ಲಿ ಇದು ಮುಖ್ಯ ಸೇನಾ ನೆಲೆಯಾಯಿತು. 1799ರ ನಂತರ ಕಂಪನಿಯವರದಾಯಿತು. ಒಂದು ಕಾಲಕ್ಕೆ ಬೇಕಲವೇ ತಾಲೂಕಿನ ಹೆಸರಾಗಿತ್ತು. ಆಮೇಲೆ ಆಡಳಿತದ ಕೇಂದ್ರ ಕಾಸರಗೋಡಿಗೆ ಹೋಯಿತು, ಕೋಟೆ ಸುಮ್ಮನಾಯಿತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ದಕ್ಷಿಣ ಕನ್ನಡದಿಂದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಆಮೇಲೆ ಬಂದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು 1967ರಲ್ಲಿ ಶಿಫಾರಸು ಮಾಡಿತು, ಅದು ಜಾರಿಗೆ ಬರಲಿಲ್ಲ. ಕನ್ನಡಿಗರು ಎಲ್ಲೆಯೆಂದು ಎಣಿಸುವ ಆ ಹೊಳೆಗೂ ದಕ್ಷಿಣಕ್ಕೆ ಈ ಕೋಟೆ ನಿಂತಿದೆ. ಕೆಳದಿಯ ಸೈನ್ಯದೊಡನೆ ಬಂದು ಇಲ್ಲಿ ನೆಲೆಸಿದವರೆಂದು ಹೇಳಿಕೊಳ್ಳುವ ರಾಮಕ್ಷತ್ರಿಯ ಕುಟುಂಬಗಳು ಬೇಕಲ, ಹೊಸದುರ್ಗ, ಕಾಸರಗೋಡುಗಳಲ್ಲಿ ಇವೆ, ಅವರ ಮನೆಮಾತಾಗಿ ಕನ್ನಡ ಉಳಿದು ಬಂದಿದೆ. ಕೋಟೆಯ ಹೊರಗಿನ ಒಂದು ಚಿಕ್ಕ ಅಂಗಡಿಯಲ್ಲಿ ಎಳನೀರು ಕುಡಿಯುತ್ತಿದ್ದಾಗ, ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ನಮ್ಮ ಮಾತು ಕೇಳಿ ಕನ್ನಡದಲ್ಲೇ ಊರು ವಿಚಾರಿಸಿದರು. ಅವರ ಕನ್ನಡ ನಮ್ಮ ಕಡೆಯದಕ್ಕಿಂತ ಹಳೆಯದಾಗಿ, ನಿಧಾನವಾಗಿ ಇತ್ತು. ಕೇಳಲು ಬಹಳ ಹಿತವೆನಿಸಿತು.

ಕೋಟೆಯ ನಡುವಿನ ಬತೇರಿ ಎಲ್ಲರೂ ಹತ್ತುವ ಜಾಗ. ಇದನ್ನು ಟಿಪ್ಪುವಿನ ಕಾಲದ್ದೆಂದು ಹೇಳುತ್ತಾರೆ. ಹತ್ತಲು ಮೆಟ್ಟಿಲುಗಳಿಗೆ ಬದಲಾಗಿ ಅಗಲವಾದ ಇಳಿಜಾರು ಇದೆ, ತೋಪುಗಳನ್ನು ಎಳೆದೊಯ್ಯಲು ತಕ್ಕಂತೆ. ಮೊಣಕಾಲು ನೋವಿನವರೂ ನಿಧಾನವಾಗಿ ಹತ್ತಬಹುದು. ಮೇಲೆ ನಿಂತರೆ ಒಂದು ಕಡೆ ತೆಂಗಿನ ಕಾಡು, ಇನ್ನೊಂದು ಕಡೆ ಕಡಲು, ತೀರದ ಉದ್ದಕ್ಕೂ ಕೋಟಿಕುಳಂ, ಪಳ್ಳಿಕ್ಕರೆಗಳ ದಿಕ್ಕಿಗೆ ಬೆಳ್ಳಗಿನ ಅಲೆಯ ಗೆರೆ. ನೋಟ ನಿಜವಾಗಿಯೂ ಸೊಗಸು. ಆದರೆ ಬಹುಪಾಲು ಜನರ ಭೇಟಿ ಇಲ್ಲಿಗೇ ಮುಗಿದುಬಿಡುವುದು ನನಗೆ ನೋವಿನ ಸಂಗತಿ. ಗೋಡೆಯ ಪಾತ್ರ ಇಲ್ಲಿಂದ ಬರಿಯ ಅಂಚುಪಟ್ಟಿಯಂತೆ ಕಾಣುತ್ತದೆ. ಇಳಿದು ಅದರ ಹತ್ತಿರ ಹೋದಾಗಲೇ ಕೋಟೆ ಎಂಬುದು ಅರ್ಥವಾಗಲು ತೊಡಗುವುದು. ಬತೇರಿಯಿಂದ ಒಂದು ಉಪಯೋಗ ಮಾತ್ರ ಮಾಡಿಕೊಳ್ಳಿ: ಮೇಲಿನಿಂದಲೇ ಗೋಡೆಯ ಸುತ್ತನ್ನು ಕಣ್ಣಲ್ಲಿ ಅಳೆದು, ಯಾವ ಕಡೆಯಿಂದ ನಡೆಯಬೇಕೆಂದು ತೀರ್ಮಾನಿಸಿಕೊಳ್ಳಿ. ಆಕಾಶದಿಂದ ತೆಗೆದ ಚಿತ್ರಗಳಲ್ಲಿ ಈ ಕೋಟೆ ಬೀಗದ ಕೈ ತೂರಿಸುವ ರಂಧ್ರದ ಆಕಾರದಲ್ಲಿ ತೋರುತ್ತದೆ. ಬತೇರಿಯ ಮೇಲಿಂದ ಆ ಆಕಾರದ ಅಂದಾಜು ಸ್ವಲ್ಪಮಟ್ಟಿಗೆ ಸಿಗುತ್ತದೆ.

ಮೆಟ್ಟಿಲುಗಳಿಳಿಯುವ ಕೊಳ, ಮದ್ದಿನ ಮನೆ, ಒಂದು ಸುರಂಗದ ಬಾಯಿ ಒಳಗಿನ ಬಯಲಿನಲ್ಲಿ ಇವೆ. ಕೊಳವನ್ನು ತಪ್ಪದೆ ನೋಡಬೇಕು: ಮೂರು ಕಡೆ ಉಪ್ಪುನೀರು ಇರುವ ಜಾಗದಲ್ಲಿ ಮುತ್ತಿಗೆಯನ್ನು ತಾಳಿಕೊಳ್ಳಬೇಕಾದರೆ ಸಿಹಿನೀರು ಗೋಡೆಯಷ್ಟೇ ಮುಖ್ಯ. ಮದ್ದಿನ ಮನೆಯ ಮುಂದೆ ಹೆಚ್ಚು ಹೊತ್ತು ನಿಲ್ಲುವ ಅಗತ್ಯ ಕಾಣಲಿಲ್ಲ. ಸುರಂಗದ ವಿಷಯದಲ್ಲಿ, ಮೊದಲ ಭೇಟಿಯಲ್ಲಿ ದಾರಿ ತೋರಿಸಲು ಮುಂದೆ ಬಂದವರೊಬ್ಬರು ಅದು ಶ್ರೀರಂಗಪಟ್ಟಣದವರೆಗೆ ಹೋಗುತ್ತದೆಂದು ಹೇಳಿ ನಮ್ಮಿಂದ ಹಣ ತೆಗೆದುಕೊಂಡರು. ಕೋಟೆಯಿರುವ ಊರುಗಳಲ್ಲೆಲ್ಲ ಇಂಥ ಮಾತು ಇರುತ್ತದೆ. ಪಶ್ಚಿಮ ಘಟ್ಟವನ್ನು ಕೊರೆದು ಸುಮಾರು ನೂರೆಂಬತ್ತು ಕಿಲೋಮೀಟರ್ ದೂರ ಸುರಂಗ ತೋಡುವುದು ಆ ಕಾಲದ ಯಾವ ಅರಸನಿಗೂ ಸಾಧ್ಯವಿರಲಿಲ್ಲ. ಗೋಡೆಯ ಹೊರಗೆ ಗುಟ್ಟಾಗಿ ಹೋಗಿ ಬರಲು ಸಾಕಾಗುವ ದಾರಿಯಿದ್ದರೆ ಅದೇ ದೊಡ್ಡ ಅನುಕೂಲ. ನಿಜವಾದ ಕಥೆಯೇ ಇಷ್ಟು ಸ್ವಾರಸ್ಯವಾಗಿರುವ ಕಡೆ, ಕಟ್ಟುಕಥೆಗೆ ದುಡ್ಡು ಕೊಟ್ಟು ಮಕ್ಕಳ ತಲೆಯಲ್ಲಿ ತಪ್ಪನ್ನು ತುಂಬಿಸಬಾರದು.

ಮಧ್ಯಾಹ್ನದ ಬಿಸಿಲಿನ ಬಗ್ಗೆ ಮರೆಮಾಚದೆ ಹೇಳಬೇಕು. ಒಳಗಿನ ಬಹುಭಾಗ ಬಟ್ಟಬಯಲು, ನೆರಳು ತೀರ ಕಡಿಮೆ. ಹೊತ್ತೇರಿದ ಮೇಲೆ ಕಲ್ಲು ಕಾದು ಕೆಳಗಿನಿಂದಲೂ ಶಾಖ ಬಡಿಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ವಯಸ್ಸಾದವರನ್ನು ಹನ್ನೊಂದರಿಂದ ಮೂರರ ನಡುವೆ ಇಲ್ಲಿಗೆ ಕರೆತರಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಮೊದಲ ಭೇಟಿಯಲ್ಲಿ ನನ್ನ ಅತ್ತೆಯವರು ತಲೆ ಸುತ್ತಿ ಗೋಡೆಗೊರಗಿ ಕೂತುಬಿಟ್ಟಿದ್ದರು. ಮಳೆಗಾಲದಲ್ಲಿ ಕಡಲು ಉಗ್ರವಾಗಿ, ಕೋಟೆ ಹಸಿರಾಗಿ ಚೆನ್ನಾಗಿಯೇ ಕಾಣುತ್ತದೆ, ಆದರೆ ಹಾವಸೆ ಕಟ್ಟಿದ ಮುರಕಲ್ಲು ಎಷ್ಟು ಜಾರುತ್ತದೆಂಬುದು ಕರಾವಳಿಯ ಅಂಗಳಗಳಲ್ಲಿ ನಡೆದವರಿಗೆಲ್ಲ ಗೊತ್ತು. ನನ್ನ ಮಟ್ಟಿಗೆ ನವೆಂಬರಿನಿಂದ ಫೆಬ್ರವರಿಯವರೆಗಿನ ಬೆಳಗುಗಳೇ ಸರಿ. ಗೋಡೆಯ ಪೂರ್ತಿ ಸುತ್ತಿಗೆ, ಕಿಂಡಿ ಕಿಂಡಿಗೆ ನಿಲ್ಲುತ್ತ ಹೋದ ನಮಗೆ ಎರಡೂವರೆ ಗಂಟೆ ಹಿಡಿಯಿತು; ಕುಡಿಯುವ ನೀರನ್ನು ಜೊತೆಯಲ್ಲಿ ಇಟ್ಟುಕೊಂಡೇ ಹೊರಟಿದ್ದೆವು.

ಸುತ್ತಿನ ಅತ್ಯುತ್ತಮ ಭಾಗ ಕಡಲಿನೊಳಕ್ಕೆ ಚಾಚಿಕೊಂಡಿರುವ ಕೊತ್ತಲ. ಗೋಡೆಯಿಂದ ಇಳಿದು ಅಲ್ಲಿಗೆ ಹೋಗುವ ದಾರಿ ಸಣ್ಣದು. 1990ರ ದಶಕದ ತಮಿಳು ಚಿತ್ರವೊಂದರ ಹಾಡು ಇಲ್ಲಿ ಚಿತ್ರೀಕರಣವಾದ ಮೇಲೆ ಈ ಕೊತ್ತಲ ಮತ್ತು ಅದರ ಹಿಂದಿನ ಗೋಡೆ ದೇಶಕ್ಕೇ ಪರಿಚಯವಾದವು. ಇಂದಿಗೂ ಜೋಡಿಗಳು ಅದೇ ಜಾಗದಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ನಾವು ಹೋದಾಗ ಇನ್ನೂ ಯಾರೂ ಬಂದಿರಲಿಲ್ಲ. ಮೂರು ಕಡೆಯಿಂದಲೂ ನೀರು. ಅಲೆ ಬಂದು ಕೆಳಗಿನ ಬಂಡೆಗೆ ಬಡಿದಾಗ ಮೊದಲು ಒಂದು ಗುದ್ದು ಕೇಳಿಸುತ್ತದೆ, ಆಮೇಲೆ ನೀರು ಬಂಡೆಯ ಸಂದುಗಳಿಂದ ಹಿಂದಕ್ಕೆ ಇಳಿಯುವ ಉದ್ದನೆಯ ಸದ್ದು, ಅದು ಮುಗಿಯುವಷ್ಟರಲ್ಲಿ ಮತ್ತೊಂದು ಗುದ್ದು. ಅಲ್ಲಿ ಕೂತು ಹಿಂದಿರುಗಿ ನೋಡಿದರೆ ಕೋಟೆಯ ಪೂರ್ತಿ ಎತ್ತರ ತಲೆಯ ಮೇಲೆ ನಿಲ್ಲುತ್ತದೆ. ನೆಲದಿಂದ ನೋಡುವಾಗ ಬೆಟ್ಟದ ದಿಬ್ಬವೊಂದರ ಮೇಲಿನ ಗೋಡೆಯಾಗಿ ಕಾಣುವ ಕೋಟೆ, ಕಡಲಿನಿಂದ ಬರುವವನಿಗೆ ನೆತ್ತಿಯ ಮೇಲೆ ಬಾಗಿದಂತೆ ಕಂಡಿರಬೇಕು. ಕುಮಟಾದ ಬಳಿಯ ಮಿರ್ಜಾನ್ ಕೋಟೆಯೂ ಮುರಕಲ್ಲಿನದೇ, ಅದೂ ಬಹಳ ಚೆಲುವಾದ ಕೋಟೆ. ಆದರೆ ಅದು ಅಘನಾಶಿನಿಯ ಮಡಿಲಿನಲ್ಲಿ ನೆಲದ ನಡುವೆ ನಿಂತಿದೆ. ಕಡಲು ನೇರವಾಗಿ ಗೋಡೆಗೆ ಬಡಿಯುವ ಈ ಅನುಭವ ಅಲ್ಲಿ ಸಿಗುವುದಿಲ್ಲ.

ನಿರ್ವಹಣೆಯ ಬಗ್ಗೆ ನನ್ನದು ಮೆಚ್ಚುಗೆಯ ಮಾತು. ಹುಲ್ಲು ಕತ್ತರಿಸಿ ಅಚ್ಚುಕಟ್ಟಾಗಿತ್ತು, ನಡೆಯುವ ದಾರಿ ಸ್ವಚ್ಛವಾಗಿತ್ತು, ಕಾವಲಿನವರು ಸೌಜನ್ಯದಿಂದ ಮಾತಾಡಿದರು. ಕೊರತೆ ಇರುವುದು ಬಂದವರ ನಡತೆಯಲ್ಲಿ. ಗೋಡೆಯ ಹಲವು ಕಡೆ ಹೆಸರುಗಳನ್ನೂ ಹೃದಯದ ಚಿತ್ರಗಳನ್ನೂ ಕೊರೆದಿದ್ದಾರೆ; ಅವುಗಳಲ್ಲಿ ಕನ್ನಡದ ಅಕ್ಷರಗಳೂ ಇದ್ದವು, ನೋಡಿ ಮನಸ್ಸು ಕುಗ್ಗಿತು. ಮುರಕಲ್ಲಿನ ಹೊರಪದರ ಗಟ್ಟಿಯಾಗಿರುತ್ತದೆ, ಅದನ್ನು ಗೀಚಿ ತೆಗೆದರೆ ಒಳಗಿನ ಮೆದು ಭಾಗ ಮಳೆಗಾಳಿಗೆ ಬೇಗ ಕರಗುತ್ತದೆ. ಆ ಹೆಸರು ಉಳಿಯುವುದಿಲ್ಲ, ಕಲ್ಲೂ ಉಳಿಯುವುದಿಲ್ಲ.

ಸೂರ್ಯಾಸ್ತವನ್ನು ಕೋಟೆಯೊಳಗಿಂದಲೇ ನೋಡುವ ಆಸೆ ಇಟ್ಟುಕೊಂಡು ಬರುವವರು ಬಹಳ ಮಂದಿ. ನಾವು ಹೋದ ದಿನ ಸೂರ್ಯ ಮುಳುಗುವ ಮೊದಲೇ ಕಾವಲಿನವರು ಸೀಟಿ ಊದುತ್ತ ಎಲ್ಲರನ್ನೂ ಬಾಗಿಲ ಕಡೆಗೆ ಕಳುಹಿಸಿದರು, ಹಾಗಾಗಿ ಆ ಹೊತ್ತಿಗೆ ಪಕ್ಕದ ಪಳ್ಳಿಕ್ಕರೆ ಕಡಲತೀರಕ್ಕೆ ಹೋಗುವುದು ಒಳ್ಳೆಯದು. ಮಧ್ಯಾಹ್ನ ಊರಿನ ಒಂದು ಚಿಕ್ಕ ಹೋಟೆಲಿನಲ್ಲಿ ಕುಚ್ಚಲಕ್ಕಿ ಅನ್ನ, ಮೀನು ಸಾರು ಉಂಡು, ಮತ್ತೆ ಒಂದು ಟಿಕೆಟ್ ಕೊಂಡು ಕೋಟೆಯೊಳಗೆ ಎರಡು ಗಂಟೆ ಕಳೆದ ಮೇಲೆ ನಾವು ಮಾಡಿದ್ದೂ ಅದನ್ನೇ. ಮರಳಿನ ಮೇಲೆ ಕೂತಾಗ ಬೆಳಗಿನಿಂದ ನಾವು ಸುತ್ತಿದ ಗೋಡೆ ಪೂರ್ತಿಯಾಗಿ, ಒಂದೇ ಗೆರೆಯಾಗಿ ಕಡಲಿನ ಮೇಲೆ ಕಾಣುತ್ತಿತ್ತು, ಇಳಿಬಿಸಿಲಿಗೆ ಕಲ್ಲು ಕೆಂಪಾಗಿತ್ತು. ಮಗಳು ಅಲ್ಲಿಂದ ಕಿಂಡಿಗಳನ್ನು ಎಣಿಸಲು ಹೊರಟಳು. ಬೆಳಗ್ಗೆ ಕಣ್ಣಿಟ್ಟು ನೋಡಿದ ಅಷ್ಟೊಂದು ಕಿಂಡಿಗಳಲ್ಲಿ ಒಂದನ್ನೂ ಗುರುತಿಸಲಾಗದೆ, ಹೊರಗಿನಿಂದ ಅವು ಕಾಣುವುದೇ ಇಲ್ಲವೆಂದು ಹೇಳಿ, ಸೂರ್ಯ ನೀರಿಗಿಳಿಯುವವರೆಗೂ ಆ ಗೋಡೆಯನ್ನೇ ನೋಡುತ್ತ ಕೂತಳು.